ಹನ್ನೊಂದು ಸೊಸೆಯರ ಸುರುಳಿ

ಹೊಲ ಹಂಚಿಯಾಗಿತ್ತು. ಎರಡು ಎಮ್ಮೆಗಳು ಒಂದೊಂದಾಗಿ ಎರಡು ಪಾಲಿಗೆ ಬಂದಿದ್ದವು. ತಾಮ್ರದ ಹಂಡೆ ಅಣ್ಣನಿಗೆ, ಅದರ ಬದಲಿಗೆ ಕಬ್ಬಿಣದ ಕಪಾಟು ತಮ್ಮನಿಗೆ. ಹಿರಿಯರ ಮುಂದೆ ಕುಳಿತು ಇಷ್ಟನ್ನೆಲ್ಲ ದನಿ ಏರಿಸದೆ ಮುಗಿಸಿದ ಮನೆಯಲ್ಲಿ, ದೇವರ ಜಗಲಿಯ ಮೇಲಿನ ಖಣದ ಸುರುಳಿಯ ಮಾತು ಬಂದದ್ದೇ ತಡ, ಯಲ್ಲವ್ವ ಊಟದ ತಾಟನ್ನು ಮುಂದಕ್ಕೆ ಸರಿಸಿಬಿಟ್ಟಳು.

"ಅದನ್ನ ಮುಟ್ಟಬ್ಯಾಡ್ರಿ," ಎಂದಳು.

"ಮುಟ್ಟಬಾರದು ಅಂದ್ರ ಹ್ಯಾಂಗವ್ವಾ?" ಕಿರಿಯ ಮಗ ಸಿದ್ಧಾರೂಢ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ದೇವರು ಅಣ್ಣನ ಪಾಲಿಗೆ. ನೀ ಅಣ್ಣನ ಪಾಲಿಗೆ. ನಾ ಬೈಲಹೊಂಗಲಕ್ಕ ಏನ ಒಯ್ಯಲಿ, ಆ ಕಪಾಟ ಒಂದ?"

"ನಾ ಯಾರ ಪಾಲಿಗೂ ಹೋಗಿಲ್ಲ. ನಾ ಇಲ್ಲೇ ಅದೇನಿ."

ಹಿರಿಯ ಮಗ ಶ್ರೀಶೈಲ ತಲೆ ಎತ್ತಲಿಲ್ಲ. ಅವನ ಹೆಂಡತಿ ಮೀನಾ ಪಲ್ಯದ ಬೋಗುಣಿ ಹಿಡಿದು ನಿಂತವಳು, ಅತ್ತೆಯ ತಾಟನ್ನು ಮೆಲ್ಲಗೆ ಮತ್ತೆ ಅವಳ ಮುಂದೆ ತಂದಿಟ್ಟಳು. ಯಲ್ಲವ್ವ ಅದನ್ನು ಮುಟ್ಟಲಿಲ್ಲ.

ದೇಗಾಂವದ ಆ ಮನೆಗೆ ಸೊಸೆಯಾಗಿ ಬಂದವಳು ಮೊದಲ ದಿನ ತವರಿನಿಂದ ತಂದ ಒಂದು ನಾಣ್ಯವನ್ನು ಜಗಲಿಯ ಮೇಲೆ ಇಡಬೇಕು. ಬೆಳ್ಳಿಯದಾದರೂ ಸರಿ, ತಾಮ್ರದ್ದಾದರೂ ಸರಿ. ಆ ನಾಣ್ಯ ಕಬ್ಬಿನ ಗಣಿಕೆಯಷ್ಟು ದಪ್ಪದ, ಕುಪ್ಪಸದ ಖಣದಿಂದ ಹೊಲಿದ ಒಂದು ಚೀಲಕ್ಕೆ, ಆ ಸುರುಳಿಗೆ, ಸೇರುತ್ತದೆ. ಮೊದಲ ಸೊಸೆಯದು ತಳದಲ್ಲಿ, ಅದರ ಮೇಲೆ ಅವಳ ನಂತರ ಬಂದವಳದು, ಹೀಗೆ. ವರ್ಷಕ್ಕೊಮ್ಮೆ, ದೀಪಾವಳಿಯ ಅಮಾವಾಸ್ಯೆಯ ದಿನ, ಮನೆಯ ಹಿರಿಯ ಹೆಂಗಸು ಲಾಡಿ ಬಿಚ್ಚಿ ಅವನ್ನು ಮಣೆಯ ಮೇಲೆ ಬಲದಿಂದ ಎಡಕ್ಕೆ ಸಾಲಾಗಿ ಇಡುತ್ತ ಬರುತ್ತಾಳೆ. ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಒಂದೊಂದನ್ನೂ ಅದರ ಜಾಗಕ್ಕೇ ಮರಳಿ ಇಟ್ಟು, ಆಮೇಲೆ ಎಡದಿಂದ ಹೆಸರು ಹೇಳುತ್ತಾಳೆ: ಇದು ದೇವಕ್ಕ, ಇದು ಬಾಳವ್ವ, ಇದು ನೀಲಗಂಗವ್ವ. ಹನ್ನೊಂದು ನಾಣ್ಯ, ಹನ್ನೊಂದು ಹೆಸರು. ಒಂಬತ್ತನೆಯದು ಯಲ್ಲವ್ವ. ಹತ್ತು ಮೀನಾ. ಹನ್ನೊಂದು ಸಿದ್ಧಾರೂಢನ ಹೆಂಡತಿ ಮಾಲಾ.

ದಾರಿ ತೋರಿಸಿದವಳು ಮೀನಾಳ ಮಗಳು ಶೀತಲ. ಕಿತ್ತೂರಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ, ಯಾರ ಮೊಬೈಲು ಕೆಟ್ಟರೂ ಮನೆಯವರೆಲ್ಲ ಹುಡುಕುವ ಹುಡುಗಿ.

"ಆಯೀ, ಫೋಟೋ ತಗಿಯೂಣು. ಒಂದೊಂದರದ್ದೂ ಎರಡೂ ಮಗ್ಗಲದ್ದು. ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಎರಡೂ ಮನ್ಯಾಗ ಕಟ್ಟ ಹಾಕ್ಸಿ ಇಡೂಣು. ಆಮ್ಯಾಲ ನಾಣ್ಯ ಹಂಚ್ಕೊಂಡ್ರೂ ಹನ್ನೊಂದೂ ಎರಡೂ ಕಡೆ ಇದ್ದಂಗಾತಲ್ಲ?" ಎಂದಳು ಅಜ್ಜಿಗೆ.

ಯಲ್ಲವ್ವ ಗೋಡೆಯ ಕಡೆ ಕೈ ತೋರಿಸಿದಳು. ಮಾಲೆ ಹಾಕಿದ ಕಟ್ಟಿನೊಳಗೆ ಅವಳ ಗಂಡ ನಿಜಗುಣಪ್ಪ ರುಮಾಲು ಸುತ್ತಿಕೊಂಡು ಕುಳಿತಿದ್ದ. "ನಿಮ್ಮ ಅಜ್ಜನೂ ಫೋಟೋದಾಗ ಅದಾನ. ಊಟಕ್ಕ ಬರತಾನೇನ ಕೇಳು."

ಆದರೂ ಎರಡು ದಿನ ಬಿಟ್ಟು, ಏನನ್ನಿಸಿತೋ, ತಾನೇ ಸುರುಳಿ ಇಳಿಸಿ ಮಣೆಯ ಮೇಲೆ ಸಾಲು ಇಟ್ಟಳು. "ತಗಿ, ಹ್ಯಾಂಗ ತಗಿತೀ ನೋಡೂಣು," ಎಂದಳು. ಶೀತಲ ಟ್ಯೂಬ್‌ಲೈಟಿನ ಕೆಳಗೆ ಬಗ್ಗಿ ಮೊಬೈಲಿನಲ್ಲಿ ತೆಗೆದಳು. ಹನ್ನೊಂದು ಬಿಳಿ ಬೊಟ್ಟು ಬಂದವು, ಅವುಗಳ ಮೇಲೆ ಅವಳ ತಲೆಯ ನೆರಳು. ಹತ್ತಿರ ಹೋದರೆ ಮಸುಕು, ದೂರ ಹೋದರೆ ಹೊಳಪು. ವರ್ಷವರ್ಷವೂ ಹುಣಸೆಹಣ್ಣು ತಿಂದು ನುಣುಪಾದ ಮುಖಗಳು. ಬರಿಗಣ್ಣಿಗೇ ಸರಿಯಾಗಿ ಕಾಣದ್ದು ಮೊಬೈಲಿಗೆ ಎಲ್ಲಿ ಕಾಣಬೇಕು?

ಯಲ್ಲವ್ವ ನಕ್ಕಳು. ಮನೆ ಬೇರೆಯಾಗುವ ಮಾತು ಶುರುವಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಬೆಳದಿಂಗಳ ಫೋಟೋ ತಗದಂಗ ಆತ ನೋಡು."

ಮೀನಾ ಹಿಟ್ಟಿನ ಕೈಯಲ್ಲೇ ಬಂದು ಮಣೆ ನೋಡಿದಳು. ಅವಳ ಕಣ್ಣು ಪ್ರತಿ ಸಲದಂತೆ ಬಲಗಡೆಯ ಎರಡನೆಯದಕ್ಕೆ ಹೋಯಿತು. ಸ್ಟೀಲಿನ ಒಂದು ರೂಪಾಯಿ. ಮದುವೆಯ ದಿನ ಬೆಳಿಗ್ಗೆ ಸವದತ್ತಿ ಕಡೆಯ ತವರಿನಲ್ಲಿ ಅವಳ ಅವ್ವ ಅದನ್ನು ಒಳ್ಳಿನ ಕಲ್ಲಂಚಿಗೆ ಹಿಡಿದು ಮೂರು ಸಲ ತಿಕ್ಕಿದ್ದಳು. "ಬೆಳ್ಳಿ ಕೊಡಾಕ ನಮಗ ಆಗಲಿಲ್ಲ. ಗುರ್ತರ ಇರ್ಲಿ," ಎಂದಿದ್ದಳು. ಅಂಚಿನ ಆ ಸವೆತವನ್ನು ಮೀನಾ ಯಾರಿಗೂ ತೋರಿಸಿರಲಿಲ್ಲ. ಅವ್ವ ತೀರಿಕೊಂಡು ಈಗ ವರ್ಷಗಳೇ ಆಗಿದ್ದವು. ಅವ್ವನ ಕೈಯದೆಂದು ಈ ಮನೆಯಲ್ಲಿದ್ದದ್ದು ಅದೊಂದೇ.

*

ಕ್ಯಾಮೆರಾ ಬೇಕು ಎಂದಾಯಿತು. ಎಂಥದು ಎನ್ನುವಲ್ಲಿ ಮನೆ ಮತ್ತೊಮ್ಮೆ ಎರಡಾಯಿತು.

"ಚಂದಂಗ ತಗಿಯೂದಿದ್ರ ದೊಡ್ಡದ ಬೇಕು," ಸಿದ್ಧಾರೂಢ ಹೇಳಿದ. ಬೈಲಹೊಂಗಲದಲ್ಲಿ ಅವನದು ಪೈಪು, ನಲ್ಲಿಗಳ ಅಂಗಡಿ. ಅಗ್ಗದ ಮಾಲಿನಿಂದ ಆಗುವ ಸೋರಿಕೆ ಅವನಿಗೆ ಗೊತ್ತು. "ಮದವ್ಯಾಗ ಕೊಳ್ಳಾಗ ಹಾಕ್ಕೊಂಡು ಅಡ್ಡಾಡತಾರಲ್ಲ, ಅಂಥಾದ್ದು."

"ಅದಕ್ಕ ಎಷ್ಟ ಅಂತಿ?" ಶ್ರೀಶೈಲ ಕೇಳಿದ.

"ನಲವತ್ತರ ಆಸುಪಾಸು."

"ಸಾವಿರ? ಲೇ, ನಾಣ್ಯಕ್ಕ ಅಷ್ಟ ಬೆಲಿ ಇಲ್ಲ. ಅದರ ಫೋಟೋಕ್ಕ ಐತೇನ?"

"ಬಾಡಿಗಿಗೆ ಒಬ್ಬ ಫೋಟೋದವನ್ನ ಕರಸ್ರಿ," ಮಾಲಾ ಒಗೆದ ಬಟ್ಟೆ ಮಡಿಸುತ್ತ ಅಂದಳು. "ಹೊಸಾ ಮನಿ ಬಾಡಿಗಿ ಬ್ಯಾರೆ ಶುರುವಾಗೂದೈತಿ."

"ಕೇಳೇನಿ ಕಾಕಿ," ಶೀತಲ ಹೇಳಿದಳು. "ದಸರಾ ದೀಪಾವಳಿ ಗದ್ದಲ ಐತಿ, ನಾಣ್ಯಕ್ಕೆಲ್ಲಾ ಬರೂದಿಲ್ಲ ಅಂದ್ರು."

"ತಗೊಂಡ ಮ್ಯಾಲ ಅದು ಯಾರ ಪಾಲಿಗೆ?" ಮಾಲಾ ಕೇಳಿದಳು. ಎಲ್ಲ ಹಂಚಿಯಾದ ಮನೆ ಕೂಡಿ ಕೊಳ್ಳಲು ಹೊರಟ ಕೊನೆಯ ಸಾಮಾನು ಅದು ಎಂಬುದು ಆಗ ಎಲ್ಲರಿಗೂ ಒಟ್ಟಿಗೇ ಹೊಳೆದಂತಿತ್ತು.

ಶೀತಲ ಒಂದು ವಾರ ಬಸ್ಸಿನಲ್ಲಿ, ಹಿತ್ತಲಿನಲ್ಲಿ, ಊಟದ ತಾಟಿನ ಮುಂದೆ ಅದನ್ನೇ ನೋಡಿದಳು. ಮೊಬೈಲಿಗೆ ಸಿಕ್ಕಿಸುವ ಭೂತಗಾಜು ಬಲು ಅಗ್ಗ, ಆದರೆ ಅಂಚುಗಳು ಬಾಗಿ ದುಂಡನೆಯ ನಾಣ್ಯ ಮೊಟ್ಟೆಯಂತೆ ಕಾಣುತ್ತದೆ. ದೊಡ್ಡ ಕ್ಯಾಮೆರಾ ಹಳೆಯದು ಸಿಕ್ಕರೂ ಹತ್ತಿರದಿಂದ ತೆಗೆಯಲು ಬೇರೆ ಲೆನ್ಸ್ ಬೇಕು, ಆ ಲೆನ್ಸಿನ ಬೆಲೆ ಕ್ಯಾಮೆರಾಕ್ಕಿಂತ ಜಾಸ್ತಿ. ಮೀನಾ ರೊಟ್ಟಿ ತಟ್ಟುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಹೆದ್ದಾರಿಯ ಒಂದು ಖಾನಾವಳಿಗೆ ಅವಳು ದಿನವೂ ಜೋಳದ ರೊಟ್ಟಿ ಮಾಡಿ ಕಳಿಸುತ್ತಿದ್ದಳು; ಅವಳ ಕಿವಿಗೆ ಬಿದ್ದ ಮನೆಯ ಮಾತೆಲ್ಲ ರೊಟ್ಟಿಯ ಸಪ್ಪಳದ ನಡುವೆಯೇ ಬಿದ್ದದ್ದು.

"ಕಡೀಕೆ ಏನಂತಿ?" ಎಂದಳು.

"ಹಳೇ ಸಣ್ಣ ಕ್ಯಾಮೆರಾ ಸಾಕವ್ವಾ. ಹೂವಿನ ಗುರ್ತ ಇರಬೇಕು ಅದರ ಮ್ಯಾಲ. ಹೂವಿನ ಗುರ್ತ ಇದ್ರ ಹತ್ರ ಇದ್ದದ್ದು ಸ್ವಚ್ಛ ಕಾಣತೈತಿ."

ತಾಯಿ ಮಗಳು ಹೋದಾಗ ಬೈಲಹೊಂಗಲದಲ್ಲಿ ಪರಸಪ್ಪನ ಸ್ಟುಡಿಯೋ ಅರ್ಧ ಮುಚ್ಚಿದಂತಿತ್ತು. ಮುಂದಿನ ಅರ್ಧದಲ್ಲಿ ಝೆರಾಕ್ಸ್ ಯಂತ್ರ, ಹಿಂದೆ ಹಳೆಯ ಪರದೆ, ಬಣ್ಣ ಹೋದ ನವಿಲು.

"ನಾಣ್ಯದ ಫೋಟೋ?" ಪರಸಪ್ಪ ಕನ್ನಡಕದ ಮೇಲಿನಿಂದ ನೋಡಿದ. "ಮಾರೂದೈತೇನ್ರಿ ಅಕ್ಕಾರ? ದಿನಾ ಬರತಾರ ಮಂದಿ. ಟ್ರ್ಯಾಕ್ಟರ್ ಚಿತ್ರದ ಐದ್ರೂಪಾಯಿ ನೋಟಿಗೆ ಲಕ್ಷ ಕೊಡತಾರಂತ ಮೊಬೈಲ್ನ್ಯಾಗ ನೋಡಿ. ಆ ನೋಟ ನನ್ನ ಹತ್ರನೂ ಅದಾವ. ಲಕ್ಷ ಕೊಡಾವ ಇನ್ನೂ ಬಂದಿಲ್ಲ."

"ಮಾರೂದಲ್ರಿ. ಮನ್ಯಾಗ ಇಡಾಕ," ಮೀನಾ ಅಂದಳು.

ಅವನು ಕೌಂಟರಿನ ಮೇಲೆ ಎರಡು ಕ್ಯಾಮೆರಾ ಇಟ್ಟ. ಮೀನಾ ಪರ್ಸಿನಿಂದ ಎರಡು ರೂಪಾಯಿಯ ಒಂದು ನಾಣ್ಯ ತೆಗೆದು ಮುಂದಿಟ್ಟಳು. ದೊಡ್ಡದರಲ್ಲಿ ಅದು ಮೇಜಿನ ನಡುವೆ ಬಟಾಣಿಯಷ್ಟು ಕಂಡಿತು. ಹತ್ತಿರ ಒಯ್ದರೆ ಕ್ಯಾಮೆರಾ ತೆಗೆಯಲೇ ಒಲ್ಲದು. ಸಣ್ಣದು ಬೂದು ಬಣ್ಣದ್ದು, ಬ್ಯಾಟರಿಯ ಮುಚ್ಚಳಕ್ಕೆ ಟೇಪು ಸುತ್ತಿತ್ತು. ಶೀತಲ ಹೂವಿನ ಗುರುತು ಒತ್ತಿ ಬಾಗಿದಳು. ಪರದೆಯ ತುಂಬ ಎರಡು ರೂಪಾಯಿ ಬಂತು, ಆದರೆ ಅರ್ಧ ಕಪ್ಪು.

"ಅಷ್ಟ ಹತ್ರ ಹೋದ್ರ ಕ್ಯಾಮೆರಾದ್ದ ನೆರಳ ಬೀಳತೈತಿ ತಂಗಿ," ಪರಸಪ್ಪ ಹೇಳಿದ. "ಒಂದ ಗೇಣ ಹಿಂದ ಸರಿ. ಫ್ಲ್ಯಾಶ್ ಹಚ್ಚಬ್ಯಾಡ, ಕಿಡಕಿ ಬೆಳಕ ಒಂದ ಮಗ್ಗಲಿಂದ ಬರ್ಲಿ. ಸ್ಟ್ಯಾಂಡಿಗೆ ಸಿಗಸಿ ಟೈಮರ್ ಹಾಕಿ ಕೈ ತಗದಬಿಡು. ಕೈ ಅಲ್ಲಾಡೂದರಾಗ ಎಲ್ಲಾ ಕೆಡತೈತಿ."

ಅವಳು ಹಾಗೇ ಮಾಡಿದಳು. ಬಾಗಿಲಿನ ಓರೆ ಬೆಳಕಿನಲ್ಲಿ ಆ ಸವೆದ ಎರಡು ರೂಪಾಯಿಯ ಮೇಲೆ, ಮೀನಾ ದಿನವೂ ಮುಟ್ಟಿಯೂ ನೋಡಿರದ ಗೀರುಗಳು, ಅಕ್ಷರಗಳು ಎದ್ದು ನಿಂತವು.

"ಎಷ್ಟ್ರಿ?"

"ನಾಕ ಸಾವಿರ ಕೊಡ್ರಿ, ಸ್ಟ್ಯಾಂಡ್ ಹಿಡದು."

"ಟೇಪ್ ಸುತ್ತಿದ್ದಕ್ಕ ನಾಕ ಸಾವಿರೇನ್ರಿ? ನಾವೇನ ಟೇಪಿನ ಫೋಟೋ ತಗೀತೀವೇನ?"

ಪರಸಪ್ಪ ನಕ್ಕ. ಮೂರು ಸಾವಿರದ ಇನ್ನೂರಕ್ಕೆ ಮುಗಿಯಿತು. ಅರ್ಧ ಮೀನಾಳ ರೊಟ್ಟಿಯ ದುಡ್ಡು, ಅರ್ಧ ಸಿದ್ಧಾರೂಢ ತನ್ನ ಅಂಗಡಿಯಿಂದಲೇ ತಂದುಕೊಟ್ಟ. ಕ್ಯಾಮೆರಾ ತಿರುಗಿಸಿ ಮುರುಗಿಸಿ ನೋಡಿ, "ಇಷ್ಟಾ?" ಎಂದ.

"ಇಷ್ಟ ಸಾಕ ಕಾಕಾ," ಎಂದಳು ಶೀತಲ.

*

ತೆಗೆಯುವುದು ರವಿವಾರ ಎಂದು ನಿಶ್ಚಯವಾಯಿತು. ಆ ದಿನ ಬೆಳಿಗ್ಗೆಯೇ ಓಣಿಯ ಕೊನೆಯ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಯಲ್ಲವ್ವ ಸೆರಗು ಸರಿಮಾಡಿಕೊಳ್ಳುತ್ತ, "ನಾ ಬಂದ ಮ್ಯಾಲ ಶುರು ಮಾಡ್ರಿ," ಎಂದು ಹೋದಳು.

ಹೋದವಳು ಬೇಗ ಬರಲಿಲ್ಲ. ಕಿಟಕಿಯ ಬೆಳಕು ಮಾತ್ರ ಯಾರಿಗೂ ಕಾಯದೆ ಸರಿಯುತ್ತಿತ್ತು. ಶೀತಲ ಸುರುಳಿಯ ಲಾಡಿ ಬಿಚ್ಚಿ ಬಿಳಿ ಹಾಳೆಯ ಮೇಲೆ ನಾಣ್ಯಗಳನ್ನು ಸುರಿದಳು. ಓದಿದ ಹುಡುಗಿ, ಕೆಲಸ ಅಚ್ಚುಕಟ್ಟಾಗಿರಲಿ ಎಂದು ಒಂದೊಂದರ ಮೇಲಿನ ಇಸ್ವಿ ಓದಿ, ಹಳೆಯವು ಮೊದಲು, ಹೊಸವು ಆಮೇಲೆ ಇಟ್ಟಳು. ಯಾರೋ ನಡುವೆ ತೂತು ಕೊರೆದ ಹಳೆಯ ಕಾಸು, ರಾಣಿಯ ಮುಖದವು, ರಾಜನ ಮುಖದವು, ಹೂವಿನ ದಳದಂಥ ಅಂಚಿನ ಆಣೆ, ಕಡೆಗೆ ಸ್ಟೀಲಿನ ಒಂದು ರೂಪಾಯಿಯವು ಎರಡು. ಒಂದೊಂದಾಗಿ ಬೆಳಕಿಗೆ ಹಿಡಿದು ತೆಗೆದಳು. ತೆಗೆದಾದದ್ದನ್ನು ಸಿದ್ಧಾರೂಢ ಅಂಗಡಿಯಿಂದ ತಂದ ತೂಕದ ಸಣ್ಣ ಕಾಟಾದ ಮೇಲಿಟ್ಟು ನೋಡಿ, ಅದರ ಜಾಗಕ್ಕೇ ಮರಳಿ ಇಟ್ಟು, ಬೆಳ್ಳಿಯವನ್ನು ಎರಡು ಪಾಲಿಗೆ ಲೆಕ್ಕ ಹಾಕಿದ.

ಒಲೆಯ ಮುಂದಿನಿಂದ ಮೀನಾ ಒಮ್ಮೆ ಇಣುಕಿ ನೋಡಿದಳು. ಎಡಕ್ಕಿರಬೇಕಾದದ್ದು ನಡುವೆ ಇತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು, ಬಾಗಿಲಲ್ಲಿ ಖಾನಾವಳಿಯ ಮೋಟಾರುಸೈಕಲ್ ಹಾರ್ನು ಹೊಡೆಯುತ್ತಿತ್ತು. ಅವಳು ಮತ್ತೆ ಒಲೆಗೆ ತಿರುಗಿದಳು.

ಯಲ್ಲವ್ವ ಉಡಿಯಲ್ಲಿ ಘುಗ್ಗರಿ ಕಟ್ಟಿಕೊಂಡು ಬಂದಳು. ಎಲ್ಲರಿಗೂ ಒಂದೊಂದು ಹಿಡಿ ಕೊಟ್ಟು, ಮಣೆ ಎಳೆದುಕೊಂಡು ಕುಳಿತಳು. "ಮುಗೀತೇನ? ಕೊಡು, ತುಂಬತೇನಿ." ಹಾಳೆಯ ಎಡತುದಿಯ ನಾಣ್ಯ ಎತ್ತಿಕೊಂಡು, "ಇದು ದೇವಕ್ಕ..." ಎಂದವಳು ಅಲ್ಲಿಗೇ ನಿಂತಳು. ತಿರುಗಿಸಿದಳು. ಕೆಳಗಿಟ್ಟು ಮುಂದಿನದು ಎತ್ತಿದಳು.

"ಸಾಲು ಎಲ್ಲೈತಿ?"

"ಸಾಲು ಇಟ್ಟೇನಲ್ಲ ಆಯೀ. ಇಸ್ವಿ ಪ್ರಕಾರ. ಹಳೇವು ಮೊದಲ."

"ಹಳೇವು?" ಯಲ್ಲವ್ವನ ದನಿ ಏರಲಿಲ್ಲ, ಇಳಿಯಿತು. "ನಮ್ಮತ್ತಿ ತಂದಿದ್ದು ಆಕಿ ಮುತ್ತ್ಯಾನ ಕಾಲದ ರೂಪಾಯಿ. ಆಕಿ ಅತ್ತಿ ತಂದಿದ್ದು ಅಂದಿನ ಸಂತ್ಯಾಗಿನ ಆಣೆ. ನಾಣ್ಯ ಹಳೇದಾದ್ರ ಸೊಸಿ ಹಳೇಕಿ ಆಕ್ಕಾಳೇನ?"

ಯಲ್ಲವ್ವನಿಗೆ ಓದು ಬಾರದು. ಮುಖ ನೋಡಿ, ಇಸ್ವಿ ನೋಡಿ ಅವಳು ಯಾವ ನಾಣ್ಯವನ್ನೂ ಬಲ್ಲವಳಲ್ಲ. ಅವಳ ಅತ್ತೆ ಇಟ್ಟ ಸಾಲನ್ನು ಅವಳು ಇಡುತ್ತಿದ್ದಳು, ಅಷ್ಟೇ. ಒಂದರ ಪಕ್ಕ ಒಂದು ಇದ್ದದ್ದರಿಂದಲೇ ಅವುಗಳಿಗೆ ಹೆಸರು ಇತ್ತು.

"ತಪ್ಪಾತ ಆಯೀ," ಶೀತಲ ನಾಣ್ಯಗಳನ್ನು ಅತ್ತಿತ್ತ ಸರಿಸತೊಡಗಿದಳು.

"ನಿನ್ನ ತಪ್ಪಲ್ಲ," ಯಲ್ಲವ್ವ ಎದ್ದಳು. ಸಿದ್ಧಾರೂಢನ ಕಾಟಾದ ಕಡೆ ನೋಡಿದಳು. "ಈಗ ತೂಗ್ರಿ. ಇನ್ನ ಬರೇ ಬೆಳ್ಳಿನ ಅದು."

*

ಆ ವಾರ ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಜನ ಹಿಂದೆಮುಂದೆ ನೋಡಿದರು. ಯಲ್ಲವ್ವ ಅರ್ಧ ರೊಟ್ಟಿ ತಿಂದು ಏಳುತ್ತಿದ್ದಳು. ಜಗಲಿಯ ಮೇಲೆ ಖಾಲಿ ಖಣ; ನಾಣ್ಯಗಳು ಒಂದು ಸ್ಟೀಲ್ ಡಬ್ಬಿಯಲ್ಲಿ. ಅಣ್ಣತಮ್ಮಂದಿರು ಎಮ್ಮೆಯ ಹಗ್ಗದ ನೆಪದಲ್ಲಿ ಜಗಳಾಡಿದರು.

"ಕಾಟಾ ತಂದಾವ ಯಾರು? ನೀ ತಂದಿ, ಅದಕ್ಕ ಹಿಂಗಾತು," ಶ್ರೀಶೈಲ ಕೂಗಿದ.

"ಸಾಲು ಕೆಡಿಸಿದ್ದು ನಿನ್ನ ಮಗಳು! ನನ್ನ ಕಾಟಾಕ್ಕ ಯಾಕ ಬೈತಿ?"

ಹಿತ್ತಲಿನಲ್ಲಿ ಭಾಂಡೆ ತಿಕ್ಕುತ್ತ ಕುಳಿತಿದ್ದ ನೆಗೆಣ್ಣಿಯರಿಬ್ಬರಿಗೂ ಇದು ಕೇಳಿಸಿತು. ಮಾಲಾ ಬೂದಿಯ ಕೈಯಿಂದಲೇ ಮೂಗು ಒರೆಸಿಕೊಂಡಳು. ಅವಳು ಅಳುತ್ತಿದ್ದಾಳೆಂದು ಮೀನಾಳಿಗೆ ಆಗ ಗೊತ್ತಾಯಿತು.

"ನನಗ ಇಲ್ಲಿಂದ ಹೋಗೂದು ಖುಷಿ ಅಂತ ತಿಳ್ಕೊಂಡೀರಿ ಎಲ್ಲಾರೂ," ಮಾಲಾ ಅಂದಳು. "ನಂದು ಯಾವ್ದು ಅಕ್ಕಾ ಆ ಡಬ್ಬ್ಯಾಗ? ನಮ್ಮಪ್ಪ ರಾಮದುರ್ಗದ ಅಂಗಡಿ ಗಲ್ಲಾದಾಗಿಂದ ತಗದು ಕೊಟ್ಟಿದ್ದ. ಕೊರೊನಾದಾಗ ಆಂವನ್ನ ಒಯ್ದಾಗ ಮುಖಾ ಸೈತ ತೋರಿಸಲಿಲ್ಲ ನಮಗ. ವರ್ಷಕ್ಕ ಒಮ್ಮೆ ಅತ್ತಿ 'ಇದು ಮಾಲಾ' ಅಂದಾಗ ನಾ ಅದನ್ನ ನೋಡತಿದ್ದೆ."

"ನಂದೂ ಅಂಥಾದ್ದ ಐತಿ ತಂಗಿ. ಎರಡೂ ಸ್ಟೀಲ್ ರೂಪಾಯಿ." ಅಂಚಿನ ಸವೆತದ ಮಾತನ್ನು ಮೀನಾ ಆಗಲೂ ಎತ್ತಲಿಲ್ಲ; ಅವ್ವನ ಬಡತನದ ಗುರುತು ಅದು.

"ಅದಕ್ಕ ಹೇಳತೇನಿ. ಸಿಕ್ತಂದ್ರ ಎಲ್ಲಾ ಇಲ್ಲೇ ಇರ್ಲಿ, ನಮ್ಮವರಿಗೆ ನಾ ಹೇಳತೇನಿ. ನಂದು ಯಾವ್ದಂತ ಗೊತ್ತ ಆಗಲಿಲ್ಲಂದ್ರ ಸಾಲು ಯಾಕ, ಸುರುಳಿ ಯಾಕ? ತೂಗಿ ಹಂಚ್ಕೊಂಡ ಬಿಡೂಣು. ನನಗ ಸುಮ್ನ ಹೆಸರ ಹೇಳಿಸ್ಕೊಳ್ಳೂದು ಬ್ಯಾಡ."

ಆ ಮಾತು ಮಾಲಾ ಸಿಟ್ಟಿನಲ್ಲಿ ಆಡಿದ್ದಲ್ಲ, ಅದೇ ಮೀನಾಳಿಗೆ ಹೆದರಿಕೆ ಹುಟ್ಟಿಸಿತು. ಸುರುಳಿ ಹೋದರೆ ಯಲ್ಲವ್ವ ಇನ್ನು ಅರ್ಧ ರೊಟ್ಟಿಯನ್ನೂ ತಿನ್ನಲಿಕ್ಕಿಲ್ಲ. ಇಷ್ಟು ವರ್ಷ ಈ ಒಲೆಯ ಮುಂದೆ ಕುಳಿತ ತನಗೂ, ಯಲ್ಲವ್ವನ ಪಕ್ಕದ ಆ ಹತ್ತನೆಯ ಜಾಗ ಬಿಟ್ಟರೆ ಈ ಮನೆಯಲ್ಲಿ ತನ್ನದೆನ್ನುವ ಜಾಗ ಯಾವುದು?

ಪತ್ತೆ ಹಚ್ಚಿದವಳು ಶೀತಲಳೇ. ಸಂಜೆ ಬಸ್ಸಿಳಿದವಳು ಚಪ್ಪಲಿ ಬಿಡದೆ ಒಳಗೆ ಓಡಿಬಂದಳು. "ಅವ್ವಾ, ಬೆಳದಿಂಗಳ ಫೋಟೋ! ಮೊಬೈಲ್ನ್ಯಾಗ ಇನ್ನೂ ಐತಿ. ಆಯಿ ಇಟ್ಟ ಸಾಲು!"

*

ಟಿ.ವಿ.ಯ ಮುಂದೆ ಎಲ್ಲರೂ ಕುಳಿತರು. ಶೀತಲ ಒಂದು ಕಡೆ ಮೊಬೈಲಿನ ಆ ಕೆಟ್ಟ ಫೋಟೋ ಹಿಡಿದುಕೊಂಡಳು, ಟಿ.ವಿ.ಯ ಮೇಲೆ ಕ್ಯಾಮೆರಾದ ಫೋಟೋ ಒಂದೊಂದಾಗಿ ಬಂದವು, ರೊಟ್ಟಿಯಷ್ಟು ಅಗಲ, ಒಂದೊಂದು ಗೀರೂ ಕಾಣುವ ಹಾಗೆ. ಮಸುಕಿನಲ್ಲಿ ಮುಖವಿರಲಿಲ್ಲ, ಸಾಲಿತ್ತು. ಇಲ್ಲಿ ಮುಖವಿತ್ತು, ಸಾಲಿರಲಿಲ್ಲ.

"ಎರಡನೇದ್ರ ನಡಕ ಕರೀ ಬೊಟ್ಟ ಐತಿ ನೋಡ್ರಿ. ತೂತ ಕೊರದ ಕಾಸು ಅದು."

"ಬಾಳವ್ವ," ಎಂದಳು ಯಲ್ಲವ್ವ.

"ಐದನೇದ್ರ ಅಂಚು ಹೂವಿನಂಗ."

"ಅದು ನಮ್ಮತ್ತಿ ಅತ್ತಿ. ಹೌದು, ಹೌದು." ಅವಳು ಡಬ್ಬಿಯಲ್ಲಿ ಕೈ ಆಡಿಸಿ ಅದನ್ನು ಎತ್ತಿ ಮಣೆಯ ಮೇಲಿಟ್ಟಳು.

ಬೆಳ್ಳಿಯವು ಕಷ್ಟ ಕೊಟ್ಟವು. ಒಂದು ಅರ್ಧ ರೂಪಾಯಿ, ಗಾತ್ರದಿಂದ ಸಿಕ್ಕಿತು. ಇನ್ನೊಂದಕ್ಕೆ ಹಿಂದೆ ಎಂದೋ ಸರದಲ್ಲಿ ಪೋಣಿಸಿದ ಬೆಸುಗೆಯ ಗಂಟು. ಮಸುಕಿನಲ್ಲೂ ಅದು ಮೊಡವೆಯಂತೆ ಕಾಣುತ್ತಿತ್ತು. ಸಿದ್ಧಾರೂಢ ತನಗರಿವಿಲ್ಲದೆ ಮುಂದೆ ಸರಿದು ಕುಳಿತಿದ್ದ. "ನಾಕನೇದ್ರ ಹೊಳಪ ಎಡಕ್ಕ ಬಾಗೇತಿ. ಸೊಟ್ಟ ಇರೂ ರೂಪಾಯಿ ಅದು, ನಾ ತೂಗುವಾಗ ನೋಡೇನಿ," ಎಂದ. ತಾಯಿ ಅವನ ಕಡೆ ನೋಡಿದಳು. ಒಂಬತ್ತು ಜಾಗ ತುಂಬಿದವು.

ಉಳಿದವು ಕೊನೆಯ ಎರಡು. ಮೊಬೈಲಿನಲ್ಲಿ ಎರಡು ಬಿಳಿ ಬೊಟ್ಟು, ಕೂಡಿ ಹುಟ್ಟಿದವರಂತೆ. ಟಿ.ವಿ.ಯ ಮೇಲೆ ಮೊದಲನೆಯದು ಬಂತು: ಒಂದು ರೂಪಾಯಿ, ಸುತ್ತಲೂ ಅಂಚು ನುಣ್ಣಗೆ. ಎರಡನೆಯದು ಬಂತು. ಕಿಟಕಿಯ ಓರೆ ಬೆಳಕು ಅದರ ಬಲ ಅಂಚಿನ ಮೇಲೆ ಬಿದ್ದು, ಅಲ್ಲಿ ಸವೆದ ಚಪ್ಪಟೆ ಜಾಗ, ಅದರ ಮೇಲೆ ಮೂರು ಗೆರೆ, ನೇಗಿಲ ಸಾಲಿನಂತೆ ಸ್ಪಷ್ಟ.

ಮೀನಾಳಿಗೆ ಒಳ್ಳಿನ ಸಪ್ಪಳ ಕೇಳಿಸಿತು. ಅವ್ವನ ಮಣಿಕಟ್ಟು ಕಂಡಿತು.

"ಇದು!" ಮಾಲಾ ಎದ್ದು ನಿಂತಿದ್ದಳು. "ಇದು ನಂದು, ಇದ! ನಮ್ಮಪ್ಪ ತಕ್ಕಡಿ ತೂಕ ಸಮ ಆಗ್ಲಿ ಅಂತ ಒಂದ ರೂಪಾಯಿ ಕಟ್ಟಿರತಿದ್ದ. ಸರಪಳಿಗೆ ತಾಗಿ ತಾಗಿ ಹಿಂಗ ಸವದಿತ್ತು. ಅದನ್ನ ಬಿಚ್ಚಿ ಕೊಟ್ಟಿದ್ದ ನನಗ."

"ಖರೇನ?" ಸಿದ್ಧಾರೂಢ ಕೇಳಿದ.

"ನಮ್ಮಪ್ಪನ ತಕ್ಕಡಿ ನನಗ ಗೊತ್ತಿಲ್ಲೇನ್ರಿ?" ಅವಳು ಟಿ.ವಿ.ಯ ಹತ್ತಿರ ಹೋಗಿ ಆ ಮೂರು ಗೆರೆಯ ಮೇಲೆ ಬೆರಳಿಟ್ಟಳು.

ಮೀನಾಳ ಬಾಯಿ ತೆರೆದಿತ್ತು. ಮಾತು ನಾಲಿಗೆಯ ಮೇಲಿತ್ತು. ಒಂದೇ ಮಾತು ಸಾಕಿತ್ತು.

"ನಿಂದ ಗುರ್ತ ನಿನಗೈತೇನವ್ವಾ?" ಶೀತಲ ಕೇಳಿದಳು.

"ನಂದು ನುಣ್ಣಗಿತ್ತು," ಎಂದಳು ಮೀನಾ. ದನಿ ದಿನದ ದನಿಯಂತೆಯೇ ಬಂತು. "ಅದು ಮಾಲಾಂದ. ನಂದು ಇನ್ನೊಂದು."

ಮಾಲಾ ಗಂಡನ ಕಡೆ ತಿರುಗಿದಳು. "ಇಲ್ಲೇ ಇರ್ಲಿ ಬಿಡ್ರಿ ಎಲ್ಲಾ, ಅತ್ತಿ ಹತ್ರ. ಐತಿ ಅಂತ ಗೊತ್ತಾತಲ್ಲ, ಸಾಕು."

ಸಿದ್ಧಾರೂಢ ಕಾಟಾದ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದ. "ಹಂಗಿದ್ರ ಕ್ಯಾಮೆರಾ ನಾ ಒಯ್ಯತೇನಿ ಮತ್ತ. ಬರೇ ಕೈಲೆ ಹೋಗೂದಿಲ್ಲ ನಾ."

"ಕಾಕಾ!" ಎಂದಳು ಶೀತಲ.

"ಒಯ್ಲಿ ಬಿಡು," ಶ್ರೀಶೈಲ ಹೇಳಿದ. "ಒಯ್ಯಿ ತಮ್ಮಾ. ಬ್ಯಾಟರಿ ಮುಚ್ಚಳ ಸಡಲ ಐತಿ, ನೋಡ್ಕೊಂಡ ಬಳಸು." ಹಗ್ಗದ ಜಗಳದ ಮೇಲೆ ಅವನು ತಮ್ಮನಿಗೆ ಆಡಿದ ಮೊದಲ ಮಾತು ಅದು. ಆ ದಿನ ರಾತ್ರಿ ಊಟಕ್ಕೆ ಯಲ್ಲವ್ವ ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಂಡಳು.

*

ದೀಪಾವಳಿಯ ಅಮಾವಾಸ್ಯೆಯ ಸಂಜೆ. ಮಾರನೆಯ ದಿನ ಸಾಮಾನಿನ ಗಾಡಿ ಬರುವುದಿತ್ತು. ಮಾಲಾ ಅಂಗಳದಲ್ಲಿ ಪಣತಿ ಹಚ್ಚುತ್ತಿದ್ದಳು. ಶೀತಲ ಕಾಕಾನ ಕ್ಯಾಮೆರಾ ಒಂದು ದಿನದ ಮಟ್ಟಿಗೆ ಇಸಿದುಕೊಂಡು ಅವಳ ಹಿಂದೆ ತಿರುಗುತ್ತಿದ್ದಳು. ಒಳಗೆ ಹಂಚಿನ ಮೇಲೆ ಹೋಳಿಗೆ ಹಾಕಿ, ಮೀನಾ ಅತ್ತೆಗೆ ತೊಳೆದ ನಾಣ್ಯ ಕೊಡಲು ಜಗಲಿಯ ಹತ್ತಿರ ಬಂದಳು.

ಯಲ್ಲವ್ವ ಹೆಸರು ಹೇಳುತ್ತ ಒಂದೊಂದನ್ನೇ ಖಣದೊಳಗೆ ಇಳಿಸುತ್ತಿದ್ದಳು. ದೇವಕ್ಕ. ಬಾಳವ್ವ. ನೀಲಗಂಗವ್ವ. ಸಾಲು ಮುಂದೆ ಸಾಗಿತು. ತನ್ನದನ್ನು ಹೆಸರಿಲ್ಲದೆ ಹಾಕಿದಳು. ಮುಂದಿನದು ಎತ್ತಿ, "ಇದು ಮೀನಾ," ಎಂದಳು. ಹಾಕಲಿಲ್ಲ. ಹೆಬ್ಬಟ್ಟು ಅಂಚಿನ ಸುತ್ತ ಒಂದು ಸುತ್ತು ಹೋಯಿತು. ಅದನ್ನು ಮಡಿಲಲ್ಲಿಟ್ಟು ಕೊನೆಯದು ಎತ್ತಿಕೊಂಡಳು. ಹೆಬ್ಬಟ್ಟು ಆ ಸವೆದ ಜಾಗಕ್ಕೆ ಬಂದು, ವರ್ಷವರ್ಷವೂ ಹುಣಸೆಹಣ್ಣು ಹಚ್ಚಿ ತಿಕ್ಕಿದ ಜಾಗಕ್ಕೆ ಬಂದು, ಅಲ್ಲೇ ನಿಂತಿತು.

ಅವಳು ತಲೆ ಎತ್ತಿ ಸೊಸೆಯನ್ನು ನೋಡಿದಳು. ಅಂಗಳದಿಂದ ಮಾಲಾ ನಗುವುದು ಕೇಳಿಸುತ್ತಿತ್ತು.

"ನನ್ನ ಕಣ್ಣಿಗೆ ಇವೆರಡೂ ಒಂದ ನಮೂನಿ ಕಾಣತಾವ," ಯಲ್ಲವ್ವ ಮೆಲ್ಲಗೆ ಅಂದಳು. "ಹೆಬ್ಬಟ್ಟಿಗೆ ಹಂಗಲ್ಲ."

"ಅತ್ತೀ," ಎಂದಳು ಮೀನಾ. ಅಷ್ಟೇ ಎಂದಳು.

ಯಲ್ಲವ್ವ ಮಡಿಲಿನ ನಾಣ್ಯ ತೆಗೆದು ಖಣದೊಳಗೆ ಇಳಿಸಿದಳು. "ಮೀನಾ." ಅದರ ಮೇಲೆ ಮೂರು ಗೆರೆಯದನ್ನು ಇಳಿಸಿದಳು. "ಮಾಲಾ." ಹೊರಗಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಲಾಡಿ ಕಟ್ಟುವುದು ಯಾವತ್ತೂ ಅವಳದೇ ಕೆಲಸ. ಈ ಸಲ ಸುರುಳಿಯನ್ನು ಸೊಸೆಯ ಕೈಗೆ ಕೊಟ್ಟಳು.

"ಇಕಾ. ನೀ ಕಟ್ಟು."

ಮೀನಾ ಲಾಡಿ ಎಳೆದು ಒಂದು ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಹಾಕಿದಳು. ಖಣದ ಮೇಲಿನಿಂದಲೇ ತುದಿಯ ನಾಣ್ಯವನ್ನು ಒಮ್ಮೆ ಒತ್ತಿ ನೋಡಿ, ಸುರುಳಿಯನ್ನು ಜಗಲಿಯ ಮೇಲಿಟ್ಟು, ಹೊತ್ತಿದ ವಾಸನೆ ಬರುತ್ತಿದ್ದ ಹೋಳಿಗೆಯ ಕಡೆ ಓಡಿದಳು.